ರಾಜೀನಾಮೆ ಬೇಡ, ರಜೆ ಕೊಡಿ

ತುಮಕೂರು ಬಳಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಎಚ್‌ಆರ್ ವಿಭಾಗದಲ್ಲಿರುವ ಓದುಗರು ಕೇಳಿದ್ದಾರೆ: ಹೊಲಿಗೆ ಲೈನಿನ ಮಹಿಳೆಯೊಬ್ಬರಿಗೆ ಶ್ವಾಸಕೋಶದ ಕ್ಷಯ ಇರುವುದು ಗೊತ್ತಾಗಿದೆ. ಅಕ್ಕಪಕ್ಕದ ಮೆಷಿನ್‌ನವರು ಅಲ್ಲಿ ಕೂರಲು ಒಪ್ಪುತ್ತಿಲ್ಲ. 'ಈಗ ರಾಜೀನಾಮೆ ಬರೆಸಿಕೊಳ್ಳೋಣ, ವಾಸಿಯಾದ ಮೇಲೆ ಮತ್ತೆ ಸೇರಿಸಿಕೊಳ್ಳೋಣ' ಎನ್ನುತ್ತಾರೆ ಮ್ಯಾನೇಜರು. ಹೀಗೆ ಮಾಡಬಹುದೇ?

ಖಂಡಿತ ಬೇಡ. ಆಕೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದು, ಸಂಬಂಧಪಟ್ಟ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಸಂದಿದ್ದರೆ, ವರ್ಷಕ್ಕೆ 91 ದಿನದವರೆಗೆ ಸರಾಸರಿ ದಿನಗೂಲಿಯ ಶೇ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ಕ್ಷಯ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿರುವುದರಿಂದ ಆ ಮೇಲೂ ಶೇ 80ರಂತೆ ಭತ್ಯೆ ಪಡೆಯುವ ದಾರಿಯಿದೆ. ಆದರೆ ಅದಕ್ಕೆ ಎರಡು ವರ್ಷದ ನಿರಂತರ ಕೆಲಸ ಮತ್ತು ಹಿಂದಿನ ನಾಲ್ಕು ಅವಧಿಗಳಲ್ಲಿ 156 ದಿನದ ವಂತಿಗೆ ಇರಬೇಕು. ರಾಜೀನಾಮೆ ಕೊಡಿಸಿದರೆ ಈ ನಿರಂತರತೆಯೇ ತುಂಡಾಗುತ್ತದೆ, ಗ್ರಾಚ್ಯುಟಿಯ ಐದು ವರ್ಷದ ಲೆಕ್ಕವೂ ಮೊದಲಿಂದ ಶುರುವಾಗುತ್ತದೆ. ಕಾಯಿಲೆ ಭತ್ಯೆ ಪಡೆಯುತ್ತಿರುವವರನ್ನು ಕೆಲಸದಿಂದ ತೆಗೆಯಲು ಕಾನೂನು ಬಿಡುವುದಿಲ್ಲ. ಹೆದರಿಸಿ ಬರೆಸಿಕೊಂಡ ರಾಜೀನಾಮೆ ಆ ರಕ್ಷಣೆಯನ್ನು ಹಿಂಬಾಗಿಲಿನಿಂದ ಕಸಿದುಕೊಂಡಂತೆ.

ಭತ್ಯೆ ಎರಡು ಕಾರಣಕ್ಕೆ ತಡವಾಗಬಹುದು: ಖಾಸಗಿ ವೈದ್ಯರ ಚೀಟಿ ಮಾತ್ರ ಇರುವುದು, ಬ್ಯಾಂಕ್ ಖಾತೆಯ ವಿವರ ಹಳೆಯದಾಗಿರುವುದು. ಇಎಸ್‌ಐ ವೈದ್ಯರ ಪ್ರಮಾಣಪತ್ರ ಕೊಡಿಸಿ, ಖಾತೆಯ ವಿವರವನ್ನು ಈ ವಾರವೇ ಸರಿಪಡಿಸಿ. ಕ್ಷಯದ ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಆಹಾರಕ್ಕೆಂದು ತಿಂಗಳಿಗೆ ₹1,000 ಸಿಗುತ್ತದೆ.

ಇನ್ನು ಸಹೋದ್ಯೋಗಿಗಳ ಭಯ. ರೋಗಿಯ ಹೆಸರು ನಿಮ್ಮ ಬಾಯಿಂದ ಬರಬಾರದು. ಈಗಾಗಲೇ ಹೊರಬಿದ್ದಿದ್ದರೂ ನೀವು ಅದನ್ನು ದೃಢಪಡಿಸಬೇಡಿ. ಕ್ಷಯ ಹರಡುವುದು ಗಾಳಿಯಿಂದ, ತಟ್ಟೆ ಲೋಟದಿಂದಲ್ಲ, ಮೆಷಿನ್ ಮುಟ್ಟಿದ್ದರಿಂದಲೂ ಅಲ್ಲ. ಹಾಗಾಗಿ ಫಿನಾಯಿಲ್ ಹೊಡೆಸುವ ಬದಲು ಕಿಟಕಿಗೆ ಅಡ್ಡವಾಗಿ ಪೇರಿಸಿದ ಬಟ್ಟೆಯ ರೋಲು, ಕಾರ್ಟನ್‌ಗಳನ್ನು ತೆಗೆಸಿ, ಎಕ್ಸಾಸ್ಟ್ ಫ್ಯಾನ್ ಓಡುತ್ತಿದೆಯೇ ನೋಡಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದವರನ್ನು ಸಂಬಳ ಕಡಿಯದೆ ತಪಾಸಣೆಗೆ ಕಳಿಸಿ. ಒಂದು ದಿನದ ಕೂಲಿ ಹೋಗುತ್ತದೆಂದರೆ ಯಾರೂ ಕೆಮ್ಮು ಇದೆ ಎಂದು ಹೇಳಿಕೊಳ್ಳುವುದಿಲ್ಲ.

ಔಷಧಕ್ಕೆ ಬಗ್ಗುವ ಕ್ಷಯವಾದರೆ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಅಷ್ಟೂ ದಿನ ಮನೆಯಲ್ಲೇ ಇರಬೇಕೆಂದಿಲ್ಲ. ಸರಿಯಾದ ಔಷಧ ಶುರುವಾಗಿ ಕೆಲವು ವಾರಗಳಲ್ಲಿ ಹೆಚ್ಚಿನವರಿಂದ ಸೋಂಕು ಹರಡುವುದು ನಿಲ್ಲುತ್ತದೆ. ಮರಳುವ ದಿನವನ್ನು ವೈದ್ಯರು ಹೇಳಲಿ, ಲೈನ್ ಸೂಪರ್‌ವೈಸರ್ ಅಲ್ಲ.

ಆಕೆ ಮರಳಿದ ಮೇಲೆ ಹೊಲಿಗೆಯವರ ವಿಷಯದಲ್ಲಿ ಒಂದು ಮಾತು ಮುಖ್ಯ. ಕ್ಷಯದ ಔಷಧಗಳಲ್ಲೊಂದಾದ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣವಾಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಇನ್ನೊಂದು ಔಷಧ ಎಥಾಂಬ್ಯುಟಾಲ್‌ನಿಂದ ಕೆಲವರಿಗೆ ದೃಷ್ಟಿ ಮಂಜಾಗಬಹುದು, ಕೆಂಪು ಹಸಿರು ಗುರುತಿಸುವುದು ಕಷ್ಟವಾಗಬಹುದು. ಐಸೋನಿಯಾಜಿಡ್‌ನಿಂದ ಬೆರಳು ಜೋಮು ಹಿಡಿಯಬಹುದು. ಹೊಲಿಗೆ ವಕ್ರವಾದರೆ, ನೂಲಿನ ಬಣ್ಣ ತಪ್ಪಿದರೆ ಮೆಮೊ ಕೊಡಬೇಡಿ, ಅದೇ ದಿನ ವೈದ್ಯರ ಬಳಿ ಕಳಿಸಿ. ಮೊದಲ ಕೆಲವು ವಾರ ಟಾರ್ಗೆಟ್ ಇಳಿಸಿ, ಹಾಗೆ ಇಳಿಸಿದ್ದನ್ನು ಬರಹದಲ್ಲೇ ಸೂಪರ್‌ವೈಸರ್‌ಗೆ ಕೊಡಿ.