ಡೇಟೋನಾ ಬೀಚ್: ರೇಸಿನ ಆಸಕ್ತಿ ಇಲ್ಲದವರಿಗೆ ಅಲ್ಲಿ ನೋಡಲು, ಉಣ್ಣಲು ಏನಿದೆ?

ಊರಿನಿಂದ ಬಂದಿರುವ ತಂದೆ-ತಾಯಿಯನ್ನು ಕರೆದುಕೊಂಡು ಅಮೆರಿಕದ ಫ್ಲೋರಿಡಾ ರಾಜ್ಯದ ಒರ್ಲ್ಯಾಂಡೋದಿಂದ ಎರಡು ದಿನದ ಮಟ್ಟಿಗೆ ಕಾರ್ ರೇಸಿಗೆ ಹೆಸರಾದ ಡೇಟೋನಾ ಬೀಚ್‌ಗೆ ಹೋಗಬೇಕೆಂದಿದ್ದೀರಿ. ಮನೆಯಲ್ಲಿ ಯಾರಿಗೂ ಕಾರ್ ರೇಸಿನ ಆಸಕ್ತಿಯಿಲ್ಲ, ತಾಯಿಯವರು ಸಸ್ಯಾಹಾರಿ, ಹೀಗಿರುವಾಗ ಅಷ್ಟು ದೂರ ಹೋಗುವುದರಲ್ಲಿ ಅರ್ಥವಿದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಹನ್ನೊಂದು ವರ್ಷಗಳಿಂದ ಒರ್ಲ್ಯಾಂಡೋದ ಹತ್ತಿರವೇ ಇದ್ದೇನೆ. ಊರಿನಿಂದ ಬಂದ ನೆಂಟರಲ್ಲಿ ಹೆಚ್ಚಿನವರನ್ನು ಅಲ್ಲಿಗೆ ಕರೆದೊಯ್ದಿದ್ದೇನೆ, ಅವರಲ್ಲಿ ರೇಸ್ ನೋಡಿದವರು ಒಬ್ಬರೂ ಇರಲಿಲ್ಲ. ಖಂಡಿತವಾಗಿ ಹೋಗಿ. ಆದರೆ ಬಹುತೇಕ ಪ್ರವಾಸಿಗರಂತೆ ರೇಸ್ ಟ್ರ್ಯಾಕಿನಿಂದ ಆರಂಭಿಸಬೇಡಿ, ಸಮುದ್ರದ ಮರಳಿನಿಂದ ಆರಂಭಿಸಿ. ಆ ಊರಿನ ಕಥೆ ಹುಟ್ಟಿದ್ದೇ ಮರಳಿನಲ್ಲಿ.

ಅಲ್ಲಿನ ಮರಳು ನಮ್ಮ ಮಲ್ಪೆಯ ಅಥವಾ ಮುರುಡೇಶ್ವರದ ಮರಳಿನಂತೆ ಕಾಲ ಕೆಳಗೆ ಜಾರುವುದಿಲ್ಲ. ಬಹಳ ಸಣ್ಣ ಕಣಗಳ ಆ ಮರಳು ಅಲೆ ಹಿಂದೆ ಸರಿದೊಡನೆ ಗಾರೆ ನೆಲದಂತೆ ಗಟ್ಟಿಯಾಗಿ ಕೂರುತ್ತದೆ. ಹಿಮ್ಮಡಿ ಊರಿ ನಡೆದರೂ ಹೆಜ್ಜೆಯ ಗುರುತು ತೆಳುವಾಗಿಯೇ ಬೀಳುತ್ತದೆ. ಇದೇ ಕಾರಣಕ್ಕೆ 1903ರಲ್ಲಿ ಪಕ್ಕದ ಆರ್ಮಂಡ್ ಬೀಚಿನಲ್ಲಿ ಮೋಟಾರು ಬಂಡಿಗಳನ್ನು ಓಡಿಸಿ ವೇಗ ಅಳೆಯಲು ಆರಂಭಿಸಿದರು. 1935ರ ಮಾರ್ಚ್ 7ರಂದು ಬ್ರಿಟನ್ನಿನ ಮಾಲ್ಕಂ ಕ್ಯಾಂಬೆಲ್ ತಮ್ಮ ‘ಬ್ಲೂ ಬರ್ಡ್’ ಕಾರನ್ನು ಇದೇ ಮರಳಿನ ಮೇಲೆ ಗಂಟೆಗೆ 276 ಮೈಲಿ, ಅಂದರೆ ಸುಮಾರು 445 ಕಿಲೋಮೀಟರ್ ವೇಗದಲ್ಲಿ ಓಡಿಸಿ ವಿಶ್ವದಾಖಲೆ ಮಾಡಿದರು. ಇಂದಿಗೂ ಗೊತ್ತುಪಡಿಸಿದ ಭಾಗಗಳಲ್ಲಿ ಶುಲ್ಕ ಕೊಟ್ಟು ನಿಮ್ಮ ಕಾರನ್ನು ನೇರವಾಗಿ ಬೀಚಿಗೆ ಇಳಿಸಬಹುದು, ಆದರೆ ಗಂಟೆಗೆ 10 ಮೈಲಿಯನ್ನು ಮೀರುವಂತಿಲ್ಲ. ಹೆಚ್ಚು ನಡೆಯಲಾಗದ ಹಿರಿಯರಿಗೆ ಇದೊಂದು ದೊಡ್ಡ ಅನುಕೂಲ. ಮಂಡಿನೋವಿನಿಂದ ಸಮುದ್ರದ ಹತ್ತಿರ ಹೋಗುವುದನ್ನೇ ಬಿಟ್ಟಿದ್ದ ನಮ್ಮ ಅತ್ತೆ, ಇಲ್ಲಿ ಕಾರಿನ ಬಾಗಿಲು ತೆರೆದು ಮಡಿಸುವ ಕುರ್ಚಿಯಲ್ಲಿ ಕೂತು, ಪಾದದ ಮೇಲೆ ನೀರು ಬಂದು ಹೋಗುವುದನ್ನು ಒಂದು ಗಂಟೆ ನೋಡುತ್ತಾ ಇದ್ದರು.

ಇಳಿಯುವ ಮುನ್ನ ಕೆಲವು ವಿಷಯ ತಿಳಿದಿರಲಿ. ಮೇ ತಿಂಗಳಿನಿಂದ ಅಕ್ಟೋಬರ್ ಕೊನೆಯವರೆಗೆ ಕಡಲಾಮೆಗಳು ಮೊಟ್ಟೆಯಿಡುವ ಕಾಲವಾದ್ದರಿಂದ ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಮಾತ್ರ ವಾಹನಗಳಿಗೆ ಪ್ರವೇಶ. ಮರಳುದಿಬ್ಬದ ಕಡೆ ಕಂಬ ನೆಟ್ಟು ಗುರುತಿಸಿದ ಜಾಗಕ್ಕೆ ಚಕ್ರ ಹೋಗಲೇಬಾರದು. ಉಬ್ಬರದ ವೇಳೆ ಬೀಚನ್ನು ವಾಹನಗಳಿಗೆ ಮುಚ್ಚುವುದೂ ಉಂಟು, ಆದ್ದರಿಂದ ಉಬ್ಬರವಿಳಿತದ ಸಮಯ ನೋಡಿಕೊಂಡು ಹೊರಡಿ. ನೀರಿನಲ್ಲಿ ಒಳಸೆಳೆತ ಇರುತ್ತದೆ; ಕಾವಲುಗಾರರ ಗೋಪುರದ ಎದುರಿನಲ್ಲೇ ಇಳಿಯಿರಿ, ಕೆಂಪು ಬಾವುಟ ಹಾರುತ್ತಿದ್ದರೆ ಮೊಣಕಾಲಿಗಿಂತ ಮುಂದೆ ಹೋಗುವುದು ಬೇಡ.

ಮಧ್ಯಾಹ್ನದ ಊಟಕ್ಕೆ ದಕ್ಷಿಣದ ಪಾನ್ಸ್ ಇನ್ಲೆಟ್ ಕಡೆಗೆ ಹೋದರೆ ‘ರೇಸಿಂಗ್ಸ್ ನಾರ್ತ್ ಟರ್ನ್’ ಎಂಬ ಹೋಟೆಲ್ ಸಿಗುತ್ತದೆ. 1936ರಿಂದ 1958ರವರೆಗೆ ಇಲ್ಲಿ ನಡೆಯುತ್ತಿದ್ದ ರೇಸಿನ ಹಾದಿ ವಿಚಿತ್ರವಾಗಿತ್ತು: ಕಾರುಗಳು ಡಾಂಬರು ರಸ್ತೆಯಲ್ಲಿ ದಕ್ಷಿಣಕ್ಕೆ ಹೋಗಿ, ಮರಳಿಗೆ ತಿರುಗಿ, ಅಲೆಗಳ ಅಂಚಿನಲ್ಲೇ ಉತ್ತರಕ್ಕೆ ಬಂದು ಮತ್ತೆ ರಸ್ತೆ ಸೇರುತ್ತಿದ್ದವು. ಸಮುದ್ರ ಏರುವುದರೊಳಗೆ ರೇಸ್ ಮುಗಿಯಬೇಕಿತ್ತು. ಹಾಗೆ ಮರಳಿನಿಂದ ರಸ್ತೆಗೆ ಹೊರಳುತ್ತಿದ್ದ ಉತ್ತರದ ತಿರುವು ಇದ್ದ ಜಾಗದಲ್ಲೇ ಈ ಹೋಟೆಲ್ ಇದೆ. ಹೊರಗಿನ ಜಗಲಿಯಲ್ಲಿ ಕೂತರೆ ಕಣ್ಣೆದುರಿಗೆ ಆ ಮರಳೇ ಕಾಣುತ್ತದೆ. ಗೋಡೆಯ ತುಂಬ ಹಳೆಯ ಚಿತ್ರಗಳಿವೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ 1887ರಲ್ಲಿ ಪೂರ್ಣಗೊಂಡ ಪಾನ್ಸ್ ಡಿ ಲಿಯಾನ್ ದೀಪಸ್ತಂಭವಿದೆ. 175 ಅಡಿ ಎತ್ತರದ ಈ ಕೆಂಪು ಇಟ್ಟಿಗೆಯ ಗೋಪುರ ಫ್ಲೋರಿಡಾದ ದೀಪಸ್ತಂಭಗಳಲ್ಲೇ ಅತಿ ಎತ್ತರದ್ದು. ಮೆಟ್ಟಿಲುಗಳು 203, ಅವನ್ನು ನೀವು ಹತ್ತಿ, ತಂದೆ-ತಾಯಿ ಕೆಳಗೆ ಕಾವಲುಗಾರರ ಹಳೆಯ ಮನೆಗಳನ್ನೂ, ಹರಳಿನ ಗುಡಾಣದಂತೆ ಹೊಳೆಯುವ ದೀಪದ ಮಸೂರಗಳನ್ನೂ ನೋಡುತ್ತಿರಲಿ. ಮೇಲಿನಿಂದ ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಹ್ಯಾಲಿಫ್ಯಾಕ್ಸ್ ನದಿ, ಎರಡೂ ಕೂಡುವ ಅಳಿವೆ ಒಂದೇ ನೋಟದಲ್ಲಿ ಕಾಣುತ್ತವೆ. ಸಂಜೆ ನದಿಯ ದಂಡೆಯಲ್ಲಿರುವ ‘ಡೌನ್ ದಿ ಹ್ಯಾಚ್’ಗೆ ಹೋಗಿ. ಮೀನು ತಿನ್ನುವವರು ಮಾಹಿ-ಮಾಹಿ ಅಥವಾ ಗ್ರೂಪರ್ ಇದ್ದರೆ ಅದನ್ನು ಮಸಾಲೆ ಸವರಿ ಕಾವಲಿಯಲ್ಲಿ ಕಪ್ಪಗೆ ಬೇಯಿಸಿದ ರೀತಿಯಲ್ಲಿ ಕೇಳಿ. ನಮ್ಮ ತವಾ ಫ್ರೈಗೆ ಒಗ್ಗಿದ ನಾಲಿಗೆಗೆ ಅದು ಹಿಡಿಸುತ್ತದೆ. ಸಸ್ಯಾಹಾರಿಗಳ ವಿಷಯದಲ್ಲಿ ನೇರವಾಗಿ ಹೇಳುವುದೇ ಒಳ್ಳೆಯದು: ಈ ದಡದ ಹೋಟೆಲುಗಳಲ್ಲಿ ಅವರಿಗೆ ಸಿಗುವುದು ಸಲಾಡ್, ಬೇಯಿಸಿದ ಆಲೂಗಡ್ಡೆ, ಮೆಕ್ಕೆಜೋಳದ ನುಚ್ಚಿನ ಗಂಜಿಯಂತಿರುವ ಗ್ರಿಟ್ಸ್, ಇಷ್ಟೇ. ‘ಹಶ್ ಪಪ್ಪಿ’ ಎಂಬ ಮೆಕ್ಕೆಜೋಳದ ಹಿಟ್ಟಿನ ಬೋಂಡಾ ನೋಡಲು ಸಸ್ಯಾಹಾರದಂತಿದ್ದರೂ ಸಾಮಾನ್ಯವಾಗಿ ಹಿಟ್ಟಿಗೆ ಮೊಟ್ಟೆ ಸೇರಿರುತ್ತದೆ, ಮೀನು ಕರಿದ ಎಣ್ಣೆಯಲ್ಲೇ ಕರಿದಿರುವುದೂ ಉಂಟು, ಕೇಳದೆ ತರಿಸಬೇಡಿ. ನಾವು ಅತ್ತೆಗೆಂದು ಮೊಸರನ್ನ ಕಟ್ಟಿಕೊಂಡು ಹೋಗಿ ಬೀಚಿನಲ್ಲೇ ಉಣ್ಣುತ್ತಿದ್ದೆವು. ಅದಕ್ಕೆ ಅಡ್ಡಿಯಿಲ್ಲ, ಗಾಜಿನ ಪಾತ್ರೆ ಮಾತ್ರ ನಿಷಿದ್ಧ.

ಎರಡನೆಯ ದಿನ ರೇಸ್ ಟ್ರ್ಯಾಕ್, ಅಂದರೆ ಸ್ಪೀಡ್‌ವೇ ನೋಡಿ. ಮರಳನ್ನು ನೋಡಿ ಬಂದವರಿಗೆ ಅದು ಬೇರೆಯಾಗಿಯೇ ಕಾಣುತ್ತದೆ. ಬೀಚಿನುದ್ದಕ್ಕೂ ಕಟ್ಟಡಗಳು ಎದ್ದು ರೇಸಿಗೆ ಜಾಗ ಸಾಲದಾದಾಗ, ರೇಸುಗಳನ್ನು ಏರ್ಪಡಿಸುತ್ತಿದ್ದ ಬಿಲ್ ಫ್ರಾನ್ಸ್ ಇದನ್ನು ಕಟ್ಟಿಸಿದರು; 1959ರ ಫೆಬ್ರವರಿ 22ರಂದು ‘ಡೇಟೋನಾ 500’ ಎಂಬ ಐನೂರು ಮೈಲಿಯ ರೇಸ್ ಮೊದಲ ಬಾರಿ ನಡೆಯಿತು. ಗೆದ್ದವರು ಯಾರೆಂಬುದು ಎಷ್ಟು ಸೂಕ್ಷ್ಮವಾಗಿತ್ತೆಂದರೆ, ಚಿತ್ರಗಳನ್ನೆಲ್ಲ ಪರಿಶೀಲಿಸಿ ಲೀ ಪೆಟ್ಟಿ ಗೆದ್ದರೆಂದು ಘೋಷಿಸಲು ಮೂರು ದಿನ ಬೇಕಾಯಿತು. ಸುತ್ತು ಎರಡೂವರೆ ಮೈಲಿ. ಅದರ ತಿರುವುಗಳು 31 ಡಿಗ್ರಿ ಓರೆಯಾಗಿವೆ. 40 ಅಡಿ ಅಗಲದ ರಸ್ತೆಯ ಮೇಲಂಚು ಕೆಳಗಿನ ಅಂಚಿಗಿಂತ ಸುಮಾರು 20 ಅಡಿ ಎತ್ತರದಲ್ಲಿದೆ ಎಂದರೆ ಅದು ರಸ್ತೆಗಿಂತ ಗೋಡೆಗೇ ಹತ್ತಿರ. ಆ ಓರೆಗೆ ಬೇಕಾದ ಮಣ್ಣನ್ನು ಮೈದಾನದ ನಡುವಿನಿಂದಲೇ ಅಗೆದರು, ಅಗೆದ ಗುಂಡಿ ಇಂದು ಲಾಯ್ಡ್ ಕೆರೆಯಾಗಿದೆ. ಟ್ರಾಮಿನಲ್ಲಿ ಕೂರಿಸಿ ತೋರಿಸುವುದರಿಂದ ಹಿರಿಯರಿಗೆ ದಣಿವಾಗುವುದಿಲ್ಲ. ಅದೇ ಆವರಣದ ಸಂಗ್ರಹಾಲಯದಲ್ಲಿ ಕ್ಯಾಂಬೆಲ್ ಅವರ ನೀಲಿ ಕಾರು ನಿಂತಿದೆ. ಹಿಂದಿನ ದಿನ ನೀವು ಕಾಲಿಟ್ಟ ಮರಳಿನ ಮೇಲೆ ಓಡಿದ ಕಾರು ಅದು. ಫೆಬ್ರವರಿಯ ರೇಸ್ ವಾರ, ಮಾರ್ಚಿನ ಮತ್ತು ಅಕ್ಟೋಬರಿನ ಬೈಕ್ ಜಾತ್ರೆಗಳ ದಿನಗಳನ್ನು ತಪ್ಪಿಸಿ. ಆಗ ಕೋಣೆಯ ಬಾಡಿಗೆ ಏರುತ್ತದೆ, ರಸ್ತೆ ತುಂಬಿರುತ್ತದೆ.

ಹಳೆಯ ಪೇಟೆಯ ಬೀಚ್ ಸ್ಟ್ರೀಟ್‌ಗೆ ಅರ್ಧ ದಿನ ಇಡಿ. 1925ರಿಂದ ನಡೆಯುತ್ತಿರುವ ‘ಏಂಜೆಲ್ ಅಂಡ್ ಫೆಲ್ಪ್ಸ್’ ಚಾಕೊಲೇಟ್ ಅಂಗಡಿಯಿದೆ. ಅದಕ್ಕಿಂತ ಮುಖ್ಯವಾಗಿ, ನದಿಯ ನಡುವಿನ ಸಿಟಿ ಐಲ್ಯಾಂಡಿನಲ್ಲಿ ಕರಿಯ ಆಟಗಾರ ಜಾಕಿ ರಾಬಿನ್ಸನ್ ಅವರ ಹೆಸರಿನ ಬೇಸ್‌ಬಾಲ್ ಮೈದಾನವಿದೆ. ಕರಿಯರೂ ಬಿಳಿಯರೂ ಒಂದೇ ತಂಡದಲ್ಲಿ ಆಡುವುದಕ್ಕೆ ಫ್ಲೋರಿಡಾದ ಬೇರೆ ಊರುಗಳು ಅಡ್ಡಿ ಮಾಡಿದಾಗ, 1946ರ ಮಾರ್ಚ್ 17ರಂದು ರಾಬಿನ್ಸನ್ ಇಲ್ಲಿ ಆಡಿದರು. ಅದೇ ಕಾಲದಲ್ಲಿ ಈ ಊರಿನ ಬೀಚು ಕರಿಯರಿಗೆ ಮುಚ್ಚಿತ್ತು ಎಂಬುದನ್ನು ಮರೆಯಬಾರದು. 1904ರಲ್ಲಿ ಒಂದೂವರೆ ಡಾಲರ್ ಇಟ್ಟುಕೊಂಡು ಹೆಣ್ಣುಮಕ್ಕಳ ಶಾಲೆ ತೆರೆದ ಮೇರಿ ಮೆಕ್ಲಿಯಾಡ್ ಬೆತ್ಯೂನ್ ಅವರ ಮನೆ ಇಂದಿನ ಬೆತ್ಯೂನ್-ಕುಕ್‌ಮನ್ ವಿಶ್ವವಿದ್ಯಾಲಯದೊಳಗಿದೆ. ತಂದೆ-ತಾಯಿಗೆ ಅದನ್ನು ತೋರಿಸಿ.

ತಾಯಿಯವರ ಊಟದ ಕೊರತೆ ತೀರುವುದು ಒರ್ಲ್ಯಾಂಡೋಗೆ ಮರಳುವ ಬೆಳಿಗ್ಗೆ. ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಡಿ ಲಿಯಾನ್ ಸ್ಪ್ರಿಂಗ್ಸ್ ಎಂಬ ಸರ್ಕಾರಿ ಉದ್ಯಾನದಲ್ಲಿ, ಹಳೆಯ ಕಬ್ಬಿನ ಗಾಣದ ಮಾದರಿಯ ಕಟ್ಟಡದಲ್ಲಿ ಪ್ಯಾನ್‌ಕೇಕ್ ಹೋಟೆಲ್ ಇದೆ. ಪ್ರತಿ ಮೇಜಿನ ನಡುವೆ ಕಾವಲಿ ಕೂರಿಸಿದ್ದಾರೆ. ಹಿಟ್ಟನ್ನು ಹೂಜಿಗಳಲ್ಲಿ ತಂದಿಡುತ್ತಾರೆ, ಹೊಯ್ದು ಬೇಯಿಸಿಕೊಳ್ಳುವುದು ನಾವೇ. ಹಿಟ್ಟಿಗೆ ಮೊಟ್ಟೆ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ನಮ್ಮ ಅತ್ತೆ ಮೊದಲ ಹನಿ ಬಿಟ್ಟು ಕಾವಲಿಯ ಕಾವು ನೋಡಿ, ಹಿಟ್ಟು ಹೊಯ್ದು ಸೌಟಿನ ಬದಲು ಚಮಚದ ಬೆನ್ನಿನಿಂದ ತೆಳುವಾಗಿ ಸುತ್ತು ತಿರುಗಿಸಿದಾಗ, ಪಕ್ಕದ ಮೇಜಿನ ಅಜ್ಜಿಯೊಬ್ಬರು ತಮಗೂ ಹಾಗೆ ಮಾಡಿಕೊಡಿ ಎಂದು ತಟ್ಟೆ ಹಿಡಿದು ಬಂದರು. ವಾರಾಂತ್ಯದಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ, ಹಾಗಾಗಿ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಹೆಸರು ಬರೆಸಿ ಕಾಯುವಾಗ ಪಕ್ಕದ ಬುಗ್ಗೆಯಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಅದರ ನೀರು ವರ್ಷವಿಡೀ 22 ಡಿಗ್ರಿಯಲ್ಲೇ ಇರುತ್ತದೆ.