ಎರಡು ಲೈಟ್ ಮೀಟರ್‌ಗಳು ಎರಡು ಬಗೆಯ ಅಳತೆ ಕೊಟ್ಟರೆ ಯಾವುದನ್ನು ನಂಬಬೇಕು?

ಫೋಟೊ ತೆಗೆಯುವ ಮೊದಲು ಬೆಳಕನ್ನು ಅಳೆಯಲು ನೀವು ಬಳಸುವ ಎರಡು ಮೀಟರ್‌ಗಳಿಗೆ, ಹೊಸ ಸೆಕೋನಿಕ್‌ಗೂ ಹಳೆಯ ಗಾಸೆನ್ ಲೂನಾಸಿಕ್ಸ್ 3ಕ್ಕೂ, ಒಂದೇ ಜಾಗದಲ್ಲಿ ಅಳೆದರೂ ಒಂದು ಸ್ಟಾಪ್‌ನಷ್ಟು (ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ ಆಗುವಷ್ಟು) ಅಂತರ ಬರುತ್ತಿದೆ ಎಂದಿದ್ದೀರಿ. ಎರಡೂ ಒಂದೇ ಬಗೆಯಲ್ಲಿ ಅಳೆಯುತ್ತಿವೆಯೇ ಎಂದು ಮೊದಲು ನೋಡಿ. ಮೀಟರಿನ ಬೆಳಕು ಗ್ರಹಿಸುವ ಸೆಲ್ಲನ್ನು ಬಿಳಿ ಗುಮ್ಮಟ ಮುಚ್ಚಿದ್ದರೆ ಅದು ವಸ್ತುವಿನ ಮೇಲೆ ಬೀಳುವ ಬೆಳಕನ್ನು ಅಳೆಯುತ್ತದೆ, ಸರಿಸಿದರೆ ವಸ್ತುವಿನಿಂದ ಮರಳಿ ಬರುವ ಬೆಳಕನ್ನು. ಮಲ್ಪೆಯ ಒಣ ಮರಳಿನ ಮೇಲೆ ಒಂದನ್ನು ಹಾಗೆ, ಇನ್ನೊಂದನ್ನು ಹೀಗೆ ಹಿಡಿದರೆ ಒಂದು ಸ್ಟಾಪ್ ಅಂತರ ಬರಲೇಬೇಕು. ಅದು ಮೀಟರಿನ ದೋಷವಲ್ಲ.

ಉಡುಪಿಯ ನಮ್ಮ ಮನೆಯಲ್ಲಿ ನಾನು ಇದನ್ನು ಪರೀಕ್ಷಿಸಲು ಮೋಡ ಕವಿದ ದಿನಕ್ಕಾಗಿ ಕಾಯುತ್ತೇನೆ. ಮಳೆಗಾಲದ ಬೆಳಕು ಎಲ್ಲ ಕಡೆ ಸಮನಾಗಿರುತ್ತದೆ, ಬೇಗ ಬದಲಾಗುವುದಿಲ್ಲ. ಗ್ರೇ ಕಾರ್ಡನ್ನು (ಬೆಳಕು ಅಳೆಯಲೆಂದೇ ಇರುವ ಬೂದು ಬಣ್ಣದ ಹಲಗೆ) ಗೋಡೆಗೆ ಒರಗಿಸಿ, ನನ್ನ ನೆರಳು ಬೀಳದಂತೆ ಹತ್ತಿರ ಹೋಗಿ, ಮೀಟರಿಗೆ ಕಾರ್ಡ್ ಬಿಟ್ಟು ಬೇರೇನೂ ಕಾಣದಂತೆ ಅಳೆಯುತ್ತೇನೆ. ಅಂಗಳದಲ್ಲಿ ಒಮ್ಮೆ, ಚಾವಡಿಯಲ್ಲಿ ಒಮ್ಮೆ, ಕತ್ತಲ ಅಡುಗೆಮನೆಯಲ್ಲಿ ಒಮ್ಮೆ. ಈ ಮೂರನೆಯ ಅಳತೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಮೀಟರಿನ ಬಣ್ಣ ಬಯಲಾಗುವುದು ಅಲ್ಲೇ.

ಮೂರೂ ಕಡೆ ಅಂತರ ಒಂದೇ ಆಗಿದ್ದರೆ ನಿಶ್ಚಿಂತೆಯಾಗಿರಿ. ಉದಾಹರಣೆಗೆ, ಸ್ಟಾಪ್‌ನ ಮೂರನೇ ಒಂದರಷ್ಟು ಹೆಚ್ಚು ಬೆಳಕು ತೋರಿಸುವ ಮೀಟರಿನಲ್ಲಿ 400ರ ಫಿಲ್ಮಿಗೆ ಐಎಸ್‌ಒ (ಫಿಲ್ಮಿನ ಬೆಳಕಿನ ಸಂವೇದನೆಯ ಅಂಕಿ) 320 ಎಂದು ಇಟ್ಟರೆ ಸಾಕು. ಮರಳಿ ಬರುವ ಬೆಳಕಿನ ಅಳತೆಗೆ ಮೀಟರನ್ನು ಕಾರ್ಖಾನೆಯಲ್ಲಿ ಹೊಂದಿಸುವಾಗ ಬಳಸುವ ಸ್ಥಿರಾಂಕವೂ ಎಲ್ಲರದ್ದೂ ಒಂದೇ ಅಲ್ಲ: ಸೆಕೋನಿಕ್ 12.5 ಬಳಸಿದರೆ ಪೆಂಟ್ಯಾಕ್ಸ್, ಮಿನೋಲ್ಟಾ 14 ಬಳಸುತ್ತಿದ್ದವು. ಅದರಿಂದ ಬರುವುದು ಸ್ಟಾಪ್‌ನ ಆರನೇ ಒಂದು ಭಾಗ ಮಾತ್ರ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬೆಳಕು ಕಡಿಮೆಯಾದಂತೆ ಅಂತರ ಬದಲಾಗುತ್ತಿದ್ದರೆ ಮಾತ್ರ ಎಚ್ಚರ. ಲೂನಾಸಿಕ್ಸ್ 3 ರೂಪುಗೊಂಡದ್ದು 1.35 ವೋಲ್ಟಿನ ಪಾದರಸದ ಬ್ಯಾಟರಿಗಳಿಗೆ. ಅದೇ ಗಾತ್ರದ 1.5 ವೋಲ್ಟಿನ ಕ್ಷಾರೀಯ ಬ್ಯಾಟರಿಗಳನ್ನು ಹಾಕಿ ನಾನು ಒಂದು ರೋಲ್ ಪೂರ್ತಿ ಕಳೆದುಕೊಂಡಿದ್ದೇನೆ. ಇಲ್ಲದ ಬೆಳಕನ್ನು ಮೀಟರ್ ತೋರಿಸಿತ್ತು, ಫಿಲ್ಮಿಗೆ ಬೆಳಕು ಸಾಲದೆ ನೆಗೆಟಿವ್‌ಗಳೆಲ್ಲ ತೆಳುವಾಗಿದ್ದವು. ಈಗ ಶ್ರವಣ ಸಾಧನದ ಸತು-ಗಾಳಿ ಬ್ಯಾಟರಿಗಳನ್ನು ಅಡಾಪ್ಟರಿನಲ್ಲಿಟ್ಟು ಬಳಸುತ್ತೇನೆ, ಅವುಗಳ ವೋಲ್ಟೇಜ್ ಪಾದರಸದ್ದಕ್ಕೆ ಹತ್ತಿರ. ಇನ್ನೊಂದು ವಿಷಯ, ಈ ಮೀಟರಿನ ಕ್ಯಾಡ್ಮಿಯಮ್ ಸಲ್ಫೈಡ್ ಸೆಲ್ ಬಿಸಿಲನ್ನು ಕೂಡಲೇ ಮರೆಯುವುದಿಲ್ಲ. ಹೊರಗಿನಿಂದ ಬಂದವರು ಒಳಗೆ ಅಳೆಯುವ ಮೊದಲು ಕೆಲವು ನಿಮಿಷ ಕಾಯಲೇಬೇಕು.

ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಮೂರೂ ಕಡೆ ಅಳೆದು ಅಂಕಿಗಳನ್ನು ಇಲ್ಲಿ ಬರೆಯಿರಿ, ಒಟ್ಟಿಗೆ ನೋಡೋಣ.