ಆಂಗ್ಲಿಕನ್ ಚರ್ಚು ಸಿ.ಎಸ್.ಐ. ಆದದ್ದು

ಪ್ರಶ್ನೆ: ಮಲೆನಾಡಿನ ಕಾಫಿ ಸೀಮೆಯಲ್ಲಿ ಬ್ರಿಟಿಷ್ ತೋಟದ ದೊರೆಗಳ ಕಾಲದ ಆಂಗ್ಲಿಕನ್ ಚರ್ಚುಗಳ ಮುಂದೆ ಈಗ ಸಿ.ಎಸ್.ಐ. ಎಂಬ ಫಲಕವಿರುವುದೇಕೆ? ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚೂ ಇದೇ ಪಂಗಡದ್ದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಲ್ಲ, ಸೇಕ್ರೆಡ್ ಹಾರ್ಟ್ ರೋಮನ್ ಕ್ಯಾಥೊಲಿಕರದು. ಆಂಗ್ಲಿಕನ್ ಎಂಬುದು 1534ರಲ್ಲಿ ದೊರೆ ಎಂಟನೆಯ ಹೆನ್ರಿ ಪೋಪರ ಅಧಿಕಾರವನ್ನು ನಿರಾಕರಿಸಿದ ಮೇಲೆ ಬೇರೆಯಾದ ಇಂಗ್ಲೆಂಡಿನ ಚರ್ಚಿನ ಪರಂಪರೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್ ಮತ್ತು ಮೆಥಡಿಸ್ಟ್ ಸಭೆಗಳೂ, ಪ್ರೆಸ್ಬಿಟೇರಿಯನ್ ಹಾಗೂ ಕಾಂಗ್ರಿಗೇಷನಲ್ ಎಂಬ ಪ್ರಾಟೆಸ್ಟಂಟ್ ಪರಂಪರೆಯವರು ಮೊದಲೇ ಸೇರಿ ಕಟ್ಟಿದ್ದ ಸಭೆಯೂ ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ., ರೂಪುಗೊಂಡಿತು. ಬಿಷಪ್ಪರೇ ಇಲ್ಲದಿದ್ದ ಸಭೆಗಳು ಆ ಪದವಿಯನ್ನು ಒಪ್ಪಿಕೊಂಡು ಬೆರೆತದ್ದು ಕ್ರೈಸ್ತ ಜಗತ್ತಿನಲ್ಲೇ ಅಪೂರ್ವವೆಂದು ನಾನು ಭಾವಿಸುತ್ತೇನೆ.

ಪ್ಯಾರಿಷ್ ಚರ್ಚು ಕೇವಲ ಭಾನುವಾರದ ಆರಾಧನೆಯ ಸ್ಥಳವಲ್ಲ. ಒಂದು ನಿರ್ದಿಷ್ಟ ಪ್ರದೇಶದ ಜನರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಹೊಣೆ ಅದರದು. ಬ್ರಿಟಿಷರ ಕಾಲದ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಮಗುವಿನ ಹೆಸರು, ತಂದೆತಾಯಿಯರ ಹೆಸರು, ವಾಸಸ್ಥಳ ಮಾತ್ರವಲ್ಲದೆ ತಂದೆಯ ಉದ್ಯೋಗಕ್ಕೂ ಪ್ರತ್ಯೇಕ ಅಂಕಣವಿರುತ್ತಿತ್ತು. ಕಾಫಿ ತೋಟಗಳ ಚರಿತ್ರೆಯನ್ನು ಬರೆಯುವವರು ಇಂತಹ ಪುಸ್ತಕಗಳನ್ನು ಅವಶ್ಯವಾಗಿ ನೋಡಬೇಕು, ಮಲೆನಾಡಿನ ಮಳೆಗೆ ಹಾಳೆಗಳು ಬೂಷ್ಟು ಹಿಡಿಯುವ ಮೊದಲೇ ಅವುಗಳ ಪ್ರತಿ ತೆಗೆದಿಡಬೇಕು.